ಕಾಪು–ಮಲ್ಪೆ ಹಂತ: ಓರೆ ಮರಳಿನ ಪಂಚಾತಿಕೆ

ಉಳ್ಳಾಲದಿಂದ ಬೈಂದೂರಿಗೆ ದಂಡೆ ಹಿಡಿದು ನಡೆಯುವ ನಮ್ಮ ಯೋಜನೆಯಲ್ಲಿ ಕಾಪು–ಮಲ್ಪೆ ಕೊನೆಗೂ ಮುಗಿಯಿತು. ಎಡ ಮೊಣಕಾಲು ಚಕಾರ ಎತ್ತಲಿಲ್ಲ. ಚೀಲ ಕಟ್ಟಿದ್ದು, ನೀರು ಹೊತ್ತದ್ದು, 1901ರ ದೀಪಸ್ತಂಭದ ಬುಡದಲ್ಲಿ ಫೋಟೊ ಹೊಡೆದದ್ದೆಲ್ಲ ನಿಮಗೆ ಗೊತ್ತಿರುವುದೇ, ಬಿಡುವ. ಬರೆಯಲಿಕ್ಕಿರುವುದು ಓರೆಯ ಬಗ್ಗೆ.

ಉತ್ತರಕ್ಕೆ ನಡೆಯುವವರಿಗೆ ಕಡಲು ಯಾವಾಗಲೂ ಎಡಕ್ಕೆ, ಮರಳು ಕಡಲಿನತ್ತ ಇಳಿಜಾರು. ಹಾಗಾಗಿ ದಿನವಿಡೀ ಎಡಗಾಲು ತಗ್ಗಿನಲ್ಲಿ, ಬಲಗಾಲು ದಿಣ್ಣೆಯಲ್ಲಿ. ಮೊದಮೊದಲು ಏನೂ ಅನಿಸುವುದಿಲ್ಲ. ಪಾಂಗಾಳದ ಹತ್ತಿರ ಬರುವಾಗ ಮೊಣಕಾಲಿನ ಹೊರಬದಿಯಲ್ಲಿ ಸಣ್ಣಗೆ ಚುಚ್ಚಲು ಶುರು. ಹಿಂದೆಲ್ಲ ಮಟ್ಟು ಮುಟ್ಟುವಷ್ಟರಲ್ಲಿ ರಿಕ್ಷಾ ಹುಡುಕಿದ್ದೇ. ಇನ್‌ಸೋಲ್ ಬದಲಿಸಿ ಆಯಿತು, ಪಟ್ಟಿ ಕಟ್ಟಿ ಆಯಿತು. ಗುಂಪಿನ ಇಂಜಿನಿಯರ್ "ಹಿಮ್ಮುಖ ನಡೆದ್ರೆ ಕಡಲು ಬಲಕ್ಕೆ ಬರ್ತದೆ, ಲೆಕ್ಕ ಸಮ" ಅಂತ ನಡೆದೇ ತೋರಿಸಿದ. ದಂಡೆಯಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದ ಮೀನುಗಾರರ ಹಗ್ಗಕ್ಕೆ ಎಡವಿ ಅಂಗಾತ ಬಿದ್ದ. "ದೇವರು ಕಣ್ಣು ಎದುರಿಗೆ ಇಟ್ಟದ್ದು ಯಾಕೆ ಮಾರಾಯ್ರೆ?" ಎಂದು ಅವರಲ್ಲೊಬ್ಬರು ಕೇಳಿದರು.

ಪರಿಹಾರ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಮಳೆಗಾಲದಲ್ಲಿ ಕಡಲು ಕೊರೆದ ಮರಳನ್ನು ಆಮೇಲೆ ಅಲೆಗಳೇ ವಾಪಸ್ ತಂದು ದಂಡೆಯ ಮೇಲ್ಭಾಗಕ್ಕೆ ಪೇರಿಸುತ್ತವೆ. ಆ ಭಾಗ ಕಡಿದು. ಅದರ ಕೆಳಗೆ, ನೀರು ಚೆನ್ನಾಗಿ ಇಳಿದಾಗ ಮಾತ್ರ ಕಾಣುವ ಪಟ್ಟಿ ಹೆಚ್ಚುಕಡಿಮೆ ಸಮತಟ್ಟು. ಅಷ್ಟಮಿ ಹೊತ್ತಿಗೆ ಇಳಿತ ಅರೆಬರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಧಾರಾಳ. ಈ ಸಲ ಅಮಾವಾಸ್ಯೆಯ ಮರುದಿನಕ್ಕೇ ರಜೆ ಹಾಕಿ ಬೆಳಕು ಹರಿಯುವ ಮೊದಲು ಕಾಪುವಿನಲ್ಲಿ ಬಸ್ಸಿಳಿದೆವು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಾಲ್ಕು ದಿನ ತಡ ಮಾಡಿದರೆ ಬಿಸಿಲು ಬೋನಸ್.

ಆ ಪಟ್ಟಿಯಲ್ಲೂ ಗಟ್ಟಿ ಜಾಗ ಹುಡುಕಬೇಕು. ಹೆಜ್ಜೆ ಊರಿದ ಕೂಡಲೇ ಪಾದದ ಸುತ್ತ ಮರಳು ಬೆಳ್ಳಗಾಗಿ ಒಣಗಿದಂತೆ ಕಂಡು, ಕಾಲೆತ್ತುವಾಗ ಮತ್ತೆ ಒದ್ದೆಯಾಗಬೇಕು. ಒತ್ತಡಕ್ಕೆ ಕಾಳುಗಳು ಸರಿದು ನಡುವಿನ ಎಡೆ ಹಿಗ್ಗುತ್ತದೆ, ಮೇಲಿನ ನೀರು ಅಲ್ಲಿಗೆ ಜಾರುತ್ತದೆ. ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲೇ ಇದನ್ನು ವಿವರಿಸಿಟ್ಟಿದ್ದಾರೆ. ನಮಗೆ ಬೇಕಾದದ್ದು ಇಷ್ಟೇ: ಬೆಳ್ಳಗಾದರೆ ನಡೆ, ಪಚಕ್ಕೆಂದರೆ ಮೇಲೆ ಸರಿ.

ಮಟ್ಟುವಿನ ಬಳಿ ನೀರು ಏರತೊಡಗಿತ್ತು. ತಡೆಗೋಡೆಯ ಬಂಡೆಗಳಿರುವಲ್ಲಿ ದಂಡೆಯೇ ಮಾಯ, ರಸ್ತೆ ಹತ್ತಲೇಬೇಕು. ಹತ್ತಿದ್ದೇ ತಡ, ನಮ್ಮಲ್ಲೊಬ್ಬ ಮೂರು ಕಿಲೊ ಮಟ್ಟು ಗುಳ್ಳ ಕೊಂಡ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ಬದನೆ, ಸರಿ. ಆದರೆ ಗ್ರಾಂ ಲೆಕ್ಕದಲ್ಲಿ ಚೀಲ ಹಗುರ ಮಾಡಿ, ಟೂತ್‌ಬ್ರಷ್‌ನ ಹಿಡಿ ಕತ್ತರಿಸಿ ಬಂದವನೂ ಇವನೇ! ಪಡುಕರೆಯುದ್ದಕ್ಕೂ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಇವನ ಗುಳ್ಳ ಪುರಾಣ. ಸೇತುವೆ ದಾಟಿ ಮಲ್ಪೆ.

ಇನ್ನು ಗೇಟರ್, ಅಂದರೆ ಶೂ ಒಳಗೆ ಮರಳು ಹೋಗದಂತೆ ಕಣಕಾಲಿಗೆ ಸುತ್ತುವ ಬಟ್ಟೆ. ಆನ್‌ಲೈನಿನಲ್ಲಿ ತರಿಸಿದ್ದರ ವೆಲ್ಕ್ರೋಗೆ ಮರಳು ಕಂಡರೇ ಆಗುವುದಿಲ್ಲ. ಮರಳು ತಡೆಯಲಿಕ್ಕೆಂದೇ ಮಾರಿದ ಮಾಲು! ವಾಪಸ್ ಕಳಿಸಿದರೆ "ಬಳಸಿದ ವಸ್ತು" ಅಂತ ಉತ್ತರ. ಬಳಸದೆ ಗೊತ್ತಾಗುವುದು ಹೇಗೆ? ಕಡೆಗೆ ಮುರಿದ ಕೊಡೆಯ ಬಟ್ಟೆ ಕೊಟ್ಟು ಟೈಲರ್ ಹತ್ತಿರ ಹೊಲಿಸಿದೆ. "ಕಂಬಳದ ಕೋಣಕ್ಕಾ?" ಅಂತ ಅಳತೆ ತೆಗೆಯುವಾಗ ಕೇಳಿದರು. ಒಂದು ಕಾಳು ಮರಳೂ ಒಳಗೆ ಹೋಗಲಿಲ್ಲ. ಆದರೆ ಲೇಸಿಗೆ ಸಿಕ್ಕಿಸುವ ಕೊಕ್ಕೆ ಉಪ್ಪುನೀರಿಗೆ ಆಗಲೇ ತುಕ್ಕು.

ಮುಂದಿನದು ಮಲ್ಪೆಯಿಂದ ಹೂಡೆ, ಕೋಡಿ ಬೆಂಗ್ರೆ. ಅಲ್ಲಿ ಸ್ವರ್ಣಾ–ಸೀತಾ ಕಡಲು ಸೇರುವ ಅಳಿವೆ, ಆಚೆಗೆ ಹಂಗಾರಕಟ್ಟೆಗೆ ಬಾರ್ಜ್. ಬಾರ್ಜ್ ಹತ್ತಿದರೆ ಅದು ನಡಿಗೆಯಾ? ವಾಟ್ಸಾಪಿನಲ್ಲಿ ಜಗಳ ನಡೆದಿದೆ. ಬಾರ್ಜಿನ ಮೇಲೆ ಅತ್ತಿತ್ತ ನಡೆಯುತ್ತಲೇ ಇದ್ದರೆ ಲೆಕ್ಕಕ್ಕೆ ಬರುತ್ತದೆ ಎಂಬುದು ಹಿಮ್ಮುಖ ಇಂಜಿನಿಯರನ ವಾದ, ನಾನು ಅವನ ಕಡೆ. ಅಷ್ಟರೊಳಗೆ ತುಕ್ಕು ಹಿಡಿಯದ ಸಣ್ಣ ಸ್ಟೀಲ್ ಕೊಕ್ಕೆ ಬಿಡಿಯಾಗಿ ಮಾರುವ ಅಂಗಡಿ ಉಡುಪಿಯಲ್ಲಿ ಗೊತ್ತಿದ್ದರೆ ಹೇಳಿ. ಕೇಳಿದಲ್ಲೆಲ್ಲ ನೂರರ ಡಬ್ಬಿಯೇ ಕೊಳ್ಳಬೇಕಂತೆ, ನನಗಿರುವುದು ಎರಡೇ ಕಾಲು.