ಲ್ಯಾಪ್‌ಟಾಪ್ ಒಳಗೊಂದು ಡೆಬಿಯನ್: ಎರಡನೇ ವಾರ

ಹೋದ ವಾರ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ಹಾಕಿ ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಸಿಸ್ಟಂ ಇನ್‌ಸ್ಟಾಲ್ ಮಾಡಿದೆ. ಬಯೋಸ್‌ನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್) ಇದಕ್ಕೆ ಬೇಕಾದ ವರ್ಚುವಲೈಸೇಶನ್ ಆಫ್ ಆಗಿತ್ತು, ಅದನ್ನು ಆನ್ ಮಾಡಿದ ಮೇಲೇ ಒಳಗಿನ ಮಷೀನ್ ಶುರುವಾಯಿತು. ಇರುವ 8 ಜಿಬಿ ಮೆಮೊರಿಯಲ್ಲಿ 3 ಜಿಬಿ ಕೊಟ್ಟಿದ್ದೇನೆ. ಜಾಸ್ತಿ ಕೊಟ್ಟರೆ ಹೊರಗಿನ ಸಿಸ್ಟಂ ತಡವರಿಸುತ್ತದೆ, ಅದರ ಜೊತೆ ಒಳಗಿನದೂ ನಿಧಾನವಾಗುತ್ತದೆ.

ಒಳಗಿನ ಸಿಸ್ಟಂ ಹೊರಗಿನದರ ಜೊತೆ ಹೊಂದಿಕೊಂಡು ಓಡಲು ಬೇಕಾದ ಗೆಸ್ಟ್ ಅಡಿಷನ್ಸ್ ಕೂಡ ಹಾಕಿಯಾಯಿತು. ಅದಕ್ಕೆ ಮೊದಲು ಕರ್ನಲ್ ಹೆಡರ್ಸ್ (ಲಿನಕ್ಸ್ ತಿರುಳಿಗೆ ಹೊಂದುವ ಡ್ರೈವರ್ ಕಟ್ಟಲು ಬೇಕಾದ ಫೈಲ್‌ಗಳು) ಇರಬೇಕು. ಎರಡೂ ಕಡೆ ಕಾಣುವ ಷೇರ್ಡ್ ಫೋಲ್ಡರ್ ತೆರೆಯಬೇಕಾದರೆ ನಮ್ಮ ಯೂಸರನ್ನು ವಿಬಾಕ್ಸ್‌ಎಸ್‌ಎಫ್ (vboxsf) ಗ್ರೂಪಿಗೆ ಸೇರಿಸಿ ಒಮ್ಮೆ ಲಾಗೌಟ್ ಆಗಿ ಬರಬೇಕು.

ಈ ವಾರ ಪೂರ್ತಿ ಡಿಸ್ಕಿನ ಹಿಂದೆ ಬಿದ್ದಿದ್ದೆ. 40 ಜಿಬಿಯ ಡೈನಾಮಿಕ್ ಡಿಸ್ಕ್ ಮಾಡಿದ್ದೆ, ಅಂದರೆ ಫೈಲ್ ಚಿಕ್ಕದಾಗಿ ಶುರುವಾಗಿ ಬರೆದಂತೆಲ್ಲಾ ಬೆಳೆಯುತ್ತದೆ. ಒಂದಿಷ್ಟು ದೊಡ್ಡ ಫೈಲ್‌ಗಳನ್ನು ಇಳಿಸಿ, ಬಿಚ್ಚಿ, ನೋಡಿ ಅಳಿಸಿದೆ. ಡೆಬಿಯನ್ ಒಳಗೆ ಡಿಎಫ್ (ಡಿಸ್ಕ್ ಬಳಕೆ ತೋರಿಸುವ ಕಮಾಂಡ್) ಹಾಕಿದರೆ ಬಳಕೆ 9 ಜಿಬಿ. ಹೊರಗೆ ಬಂದು ನೋಡಿದರೆ ಆ ಡಿಸ್ಕಿನ ವಿಡಿಐ ಫೈಲ್ 31 ಜಿಬಿ! ಯಾಕಪ್ಪಾ ಅಂದರೆ, ಫೈಲ್ ಅಳಿಸಿದಾಗ ಒಳಗಿನ ಸಿಸ್ಟಂ "ಈ ಜಾಗ ಖಾಲಿ" ಅಂತ ತನ್ನ ಲೆಕ್ಕದಲ್ಲಿ ಮಾತ್ರ ಬರೆದುಕೊಳ್ಳುತ್ತದೆ, ಹಳೆಯ ಡೇಟಾ ಅಲ್ಲೇ ಉಳಿದಿರುತ್ತದೆ, ಹಾಗಾಗಿ ಹೊರಗಿರುವ ವರ್ಚುವಲ್‌ಬಾಕ್ಸ್‌ಗೆ ಅದು ಖಾಲಿಯೋ ಭರ್ತಿಯೋ ಗೊತ್ತಾಗುವುದೇ ಇಲ್ಲ.

ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಸಿದರೆ ಕಾಂಪ್ಯಾಕ್ಟ್ ಮಾಡುವಾಗ (ಫೈಲನ್ನು ಕುಗ್ಗಿಸುವಾಗ) ಆ ಭಾಗ ಉದುರಿಹೋಗುತ್ತದೆ. ಸೊನ್ನೆ ತುಂಬಲು ಝೀರೋಫ್ರೀ ಅನ್ನುವ ಕಮಾಂಡ್ ಇದೆ, ಆದರೆ ಡಿಸ್ಕ್ ಮೌಂಟ್ ಆಗಿರಬಾರದು (ಸಿಸ್ಟಂ ಅದನ್ನು ಬಳಸುತ್ತಿರಬಾರದು), ಇಲ್ಲವೇ ರೀಡ್-ಓನ್ಲಿ ಆಗಿರಬೇಕು. ಅದಕ್ಕಾಗಿ ರಿಕವರಿ ಮೋಡ್‌ಗೆ ಹೋದರೆ ರೂಟ್ (ಪೂರ್ಣ ಅಧಿಕಾರದ) ಅಕೌಂಟ್ ಲಾಕ್ ಆಗಿದೆ ಅಂದಿತು. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟಿದ್ದೆ, ಅದಕ್ಕೇ ಹಾಗೆ. ಸರಿ, ಲೈವ್ ಐಎಸ್‌ಒ (ಇನ್‌ಸ್ಟಾಲ್ ಮಾಡದೆ ಓಡುವ ಸಿಸ್ಟಂನ ಫೈಲ್) ಸಿಕ್ಕಿಸಿ ಅದರಿಂದ ಬೂಟ್ ಮಾಡಿ, ಅಲ್ಲೇ ಝೀರೋಫ್ರೀ ಇಳಿಸಿಕೊಂಡು ಓಡಿಸಿದೆ. ಶೇಕಡಾ ಲೆಕ್ಕ ನಿಧಾನವಾಗಿ ಏರುವುದನ್ನೇ ನೋಡುತ್ತಾ ಕೂತಿದ್ದೆ.

ಒಂದು ಮಾತು ಮರೆಯಬೇಡಿ: ಝೀರೋಫ್ರೀ ಓಡಿಸುವ ಮೊದಲೇ ಹಳೆಯ ಸ್ನ್ಯಾಪ್‌ಶಾಟ್ (ಮಷೀನಿನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಅಳಿಸಿ. ಸ್ನ್ಯಾಪ್‌ಶಾಟ್ ಇದ್ದರೆ ಬರೆದ ಸೊನ್ನೆಗಳೆಲ್ಲ ಬೇರೆ ಫೈಲಿಗೆ ಹೋಗುತ್ತವೆ, ಮೂಲ ಫೈಲ್ ಕರಗುವುದಿಲ್ಲ. ಮಷೀನಿನ ಇಡೀ ಫೋಲ್ಡರನ್ನು ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಂಡಿದ್ದೆ, ಹಾಗಾಗಿ ಧೈರ್ಯವಾಗಿ ಅಳಿಸಿದೆ.

ಆಮೇಲೆ ಮಷೀನ್ ಆಫ್ ಮಾಡಿ, ಹೊರಗಿನಿಂದ ವರ್ಚುವಲ್‌ಬಾಕ್ಸ್‌ನದೇ ಕಮಾಂಡ್ ಆದ ವಿಬಾಕ್ಸ್‌ಮ್ಯಾನೇಜ್‌ನ ಮಾಡಿಫೈಮೀಡಿಯಂಗೆ ಕಾಂಪ್ಯಾಕ್ಟ್ ಆಯ್ಕೆ ಕೊಟ್ಟು ಓಡಿಸಿದೆ. 31 ಇದ್ದದ್ದು 10 ಜಿಬಿಗೆ ಇಳಿಯಿತು. ಎಷ್ಟು ಖುಷಿಯಾಯಿತು ಅಂದರೆ ಫೋಲ್ಡರನ್ನು ಎರಡು ಸಲ ರಿಫ್ರೆಶ್ ಮಾಡಿ ನೋಡಿದೆ.

ಇವತ್ತು ಹೊರಗಿನ 2222 ಪೋರ್ಟನ್ನು ಒಳಗಿನ 22ಕ್ಕೆ ಜೋಡಿಸಿದೆ. ಈಗ ವರ್ಚುವಲ್‌ಬಾಕ್ಸ್ ವಿಂಡೋ ತೆರೆಯದೆಯೇ ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಬಹುದು. ನಾಳೆಯಿಂದ ಹೆಡ್‌ಲೆಸ್ ಆಗಿ (ಪರದೆ ತೋರಿಸದೆ ಹಿನ್ನೆಲೆಯಲ್ಲಿ) ಓಡಿಸಿ, ಮೆಮೊರಿ 2 ಜಿಬಿಗೆ ಇಳಿಸಿ ನೋಡುತ್ತೇನೆ.