ಅರ್ಕಾವತ್ತಿನ ಬಾಲ ಕೊನೆಗೂ ಗಾಜಿಗೆ ನಿಂತಿತು

ಹಳೆಯ ಅಂಗಡಿ ಬೋರ್ಡೊಂದರ ಅಕ್ಷರಗಳನ್ನು ಹೊಸ ಗಾಜಿನ ಬೆನ್ನಿಗೆ ಚಿನ್ನದಲ್ಲಿ ಮತ್ತೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂಕಾಲಕ್ಕೆ, ಏಳನೆಯ ಗಾಜಿನ ಮೇಲೆ, ಒದ್ದೆ ಹತ್ತಿಯಿಂದ ಅಕ್ಷರದ ಹೊರಗಿನ ಚಿನ್ನವನ್ನೆಲ್ಲ ಒರೆಸಿ ತೆಗೆದ ಮೇಲೂ ‘ವರ್ತಕರು’ ಪದದ ಅರ್ಕಾವತ್ತು ತಲೆಯಿಂದ ಬಾಲದ ತುದಿಯವರೆಗೆ ಇದ್ದಲ್ಲೇ ಇತ್ತು. ಗಾಜನ್ನು ತಿರುಗಿಸಿ ಎದುರಿನಿಂದ ನೋಡಿದೆ. ಮೇಜಿನ ದೀಪ ಅದರೊಳಗೆ ಸ್ವಲ್ಪವೂ ಮಸುಕಾಗದೆ ಕಂಡಿತು. ಐದು ವಾರ, ಆರು ಹಾಳಾದ ಗಾಜು, ಎರಡೂವರೆ ಪುಸ್ತಕ ಚಿನ್ನದ ರೇಕು (ಪುಸ್ತಕದ ಪುಟಗಳ ನಡುವೆ ಇಟ್ಟು ಮಾರುವ, ಬಡಿದು ತೆಳುವಾಗಿಸಿದ ಚಿನ್ನದ ಹಾಳೆ). ಇಷ್ಟನ್ನು ನುಂಗಿದ ತೊಂದರೆಯ ಮೂಲ ಸಿಕ್ಕಿದ್ದು ನಾನು ಒಮ್ಮೆಯೂ ಅನುಮಾನಪಡದ ಜಾಗದಲ್ಲಿ. ಗಾಜಿಗೆ ಚಿನ್ನ ಹಾಕುವ ಬೇರೆಯವರೂ ಇದೇ ಗುಂಡಿಗೆ ಬೀಳಬಾರದು ಎಂದು ಎಲ್ಲವನ್ನೂ ಬಿಡದೆ ಬರೆಯುತ್ತಿದ್ದೇನೆ.

ಮೊದಲು ಆ ಹಳೆಯ ಬೋರ್ಡಿನ ಬಗ್ಗೆ. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಕಿಟಕಿಯ ಕಂಬಿಗಳ ಹಿಂದೆ ಒರಗಿಸಿಟ್ಟಿದ್ದ ಗಾಜಿನ ಫಲಕ ಅದು. ಎಡಭಾಗ ಒಡೆದಿದೆ. ಅಂಗಡಿಯ ಹೆಸರು ಆ ಚೂರಿನ ಜೊತೆಗೇ ಹೋಗಿದೆ. ಉಳಿದಿರುವುದು ‘ಜವಳಿ ವರ್ತಕರು’ ಎಂಬ ಎರಡು ಪದ ಮಾತ್ರ. ಚಿನ್ನವೇ ಎಂದು ಖಚಿತವಾದದ್ದು ಅದನ್ನು ಬಿಸಿಲಿಗೆ ಹಿಡಿದಾಗ: ಹಿಂದಿನ ಕಪ್ಪು ಬಣ್ಣ ಉದುರಿದ ಕಡೆಯಲ್ಲಿ ಬೆಳಕು ಎಳೆಯ ಬಾಳೆಲೆಯ ಹಸಿರಾಗಿ ಈಚೆಗೆ ಬಂತು. ಅಷ್ಟು ತೆಳುವಾದ ಚಿನ್ನ ಮಾತ್ರ ಬೆಳಕನ್ನು ಹೀಗೆ ಹಸಿರಾಗಿಸಿ ಬಿಡುತ್ತದೆ. ಕಂಚಿನ ಪುಡಿಯ ಬಣ್ಣವಾಗಿದ್ದರೆ ಇಷ್ಟು ಹೊತ್ತಿಗೆ ಕಾಫಿ ಡಿಕಾಕ್ಷನ್ನಿನಂತೆ ಕಂದಿರುತ್ತಿತ್ತು. ಭೂತಗನ್ನಡಿ ಹಿಡಿದರೆ ರೇಕಿನ ಚೌಕಗಳು ಒಂದರ ಮೇಲೊಂದು ಏರಿದ ಗೆರೆಗಳೂ ಕಾಣುತ್ತವೆ. ಗಾಜೂ ಹಳೆಯದೇ. ಓರೆಯಾಗಿ ನೋಡಿದರೆ ಕೆರೆಯ ನೀರಿನಂತೆ ಸಣ್ಣಗೆ ಅಲೆಯಾಡುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಷರ. ‘ಜ’ದ ಹೊಟ್ಟೆ ಎಷ್ಟು ಧಾರಾಳವಾಗಿ ತುಂಬಿಕೊಂಡಿದೆ ಎಂದರೆ ಊಟ ಮುಗಿಸಿ ಜಗಲಿಯ ಮೇಲೆ ಕುಳಿತ ಯಜಮಾನರ ನೆನಪಾಗುತ್ತದೆ. ತಲೆಕಟ್ಟುಗಳು ಒಂದೇ ಎಳೆತದಲ್ಲಿ ಬಂದಿವೆ, ತಿದ್ದಿದ ಗುರುತಿಲ್ಲ. ಬರೆದವರು ಇದನ್ನೆಲ್ಲ ಹಿಂದುಮುಂದಾಗಿ, ಗಾಜಿನ ಬೆನ್ನಿನ ಮೇಲೆ ಬರೆದಿದ್ದಾರೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಎಂಬ ನಿಯಮ 2024ರಲ್ಲಿ ಬಂದಾಗ ಸಂತೋಷಪಟ್ಟವನು ನಾನು. ಆದರೆ ಆಮೇಲೆ ರಸ್ತೆಯಲ್ಲಿ ಕಂಡದ್ದು ಫ್ಲೆಕ್ಸಿನ ಮೇಲೆ ಎಡಬಲ ಹಿಡಿದು ಜಗ್ಗಿದ, ಒತ್ತಕ್ಷರಗಳು ಉಸಿರುಗಟ್ಟಿದ ಕನ್ನಡ. ಈ ಬೋರ್ಡಿನ ‘ಳಿ’ಯನ್ನು ಅವರಿಗೆಲ್ಲ ತೋರಿಸಬೇಕು ಅನ್ನಿಸುತ್ತದೆ.

ಹಳೆಯ ಬೋರ್ಡಿಗೆ ನಾನು ಕೈ ಹಚ್ಚುವುದಿಲ್ಲ. ಉದುರಿದ ಜಾಗಕ್ಕೆ ಹೊಸ ಚಿನ್ನ ತುಂಬಿದರೆ ಆ ಕೈಯ ಕೆಲಸದ ಸಾಕ್ಷಿಯೇ ಅಳಿದುಹೋಗುತ್ತದೆ. ಅದನ್ನು ಒಣಗಿದ ಜಾಗದಲ್ಲಿ ನೇರವಾಗಿ ನಿಲ್ಲಿಸಿ, ಅದರ ಅಚ್ಚು ತೆಗೆದು, ಹೊಸ ಗಾಜಿನ ಮೇಲೆ ಮತ್ತೆ ಬರೆಯುವುದು ಈ ವರ್ಷದ ಯೋಜನೆ. ಅಕ್ಷರದ ಗೆರೆಯುದ್ದಕ್ಕೂ ಚುಕ್ಕಿ ತೂತು ಮಾಡಿದ ಕಾಗದ, ಆ ತೂತುಗಳ ಮೂಲಕ ಗುರುತು ಮೂಡಿಸುವ ಪುಡಿಯ ಚೀಲ, ಗಾಜು ತೊಳೆಯುವುದು, ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವುದೇ. ನೇರವಾಗಿ ತೊಂದರೆಗೆ ಬರುತ್ತೇನೆ.

ಅಂಟುನೀರು ಸವರಿದ ಗಾಜಿಗೆ ರೇಕು ಚೆನ್ನಾಗಿಯೇ ಹಾರಿ ಕೂರುತ್ತಿತ್ತು. ಆಷಾಢದ ಗಾಳಿಗೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಒಂದೊಂದೇ ಚೌಕ ಇಟ್ಟೆ. ಒಣಗಿತು, ಆದರೆ ಹೊಳಪಿನ ಅಡಿಯಲ್ಲಿ ತೆಳ್ಳಗೆ ಮಂಜು. ಬಿಸಿನೀರು ಹಾಯಿಸಿದೆ, ರೇಕು ಮಿಸುಕಲಿಲ್ಲ. ತೂತುಗಳನ್ನು ಮುಚ್ಚಲು ಎರಡನೆಯ ಸಲ ಅಂಟುನೀರು ಸವರಿದಾಗ ಮೊದಲ ರೇಕು ಅಲ್ಲಲ್ಲಿ ಜಾರಿತು. ಅದನ್ನೂ ಸರಿಮಾಡಿ, ಚಿನ್ನದ ಬೆನ್ನಿಗೆ ಕಪ್ಪು ಬಣ್ಣದಲ್ಲಿ ಅಕ್ಷರ ಬರೆದು, ಪೂರ್ತಿ ಒಂದು ದಿನ ಒಣಗಿಸಿ, ತಣ್ಣೀರಿನ ಹತ್ತಿ ಮತ್ತು ಚಾಕ್ ಪುಡಿಯಿಂದ ಹೊರಗಿನ ಚಿನ್ನ ಒರೆಸಲು ಹೋದರೆ ಬಣ್ಣದ ಅಂಚಿನೊಳಗೆ ನೀರು ನುಗ್ಗುತ್ತಿತ್ತು. ದಪ್ಪ ಗೆರೆಗಳಲ್ಲಿ ಒಂದು ಕೂದಲೆಳೆಯಷ್ಟು ಚಿನ್ನ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಆದರೆ ‘ರ್ತ’ದ ಅರ್ಕಾವತ್ತು ಇದೆಯಲ್ಲ, ಅಂಕಿ ‘೯’ರಂತೆ ಸುತ್ತಿ ಬಾಲ ಇಳಿಬಿಡುವ ಆ ಗುರುತು, ಅದರ ಬಾಲ ಎರಡು ಮಿಲಿಮೀಟರಿನಷ್ಟೇ ಅಗಲ. ಎರಡೂ ಅಂಚಿನಿಂದ ನೀರು ನುಗ್ಗಿದರೆ ಉಳಿಯುವುದೇನು? ಪ್ರತಿಸಲವೂ ಬಣ್ಣಸಮೇತ ಬಾಲ ಸುರುಳಿಯಾಗಿ ಹತ್ತಿಗೆ ಬಂದುಬಿಡುತ್ತಿತ್ತು. ಮೂರನೆಯ ಸಲ ಹೀಗಾದಾಗ ಗಾಜನ್ನು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಕುಕ್ಕರಹಳ್ಳಿ ಕೆರೆಗೆ ಒಂದು ಪೂರ್ತಿ ಸುತ್ತು ಹಾಕಿ ಬಂದೆ.

ಮೊದಲು ನೀರಿನ ಮೇಲೆ ಅನುಮಾನಪಟ್ಟೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಮಂಜಿಗೆ ಅದೇ ಕಾರಣವಿರಬೇಕು ಎಂದುಕೊಂಡೆ. ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಮಂಜು ಹೋಗಲಿಲ್ಲ. ಆಮೇಲೆ ಗಾಜಿನ ಸರದಿ. ಇಂದಿನ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಪಿಲ್ಕಿಂಗ್‌ಟನ್ ಕಂಪನಿ ಆ ವಿಧಾನವನ್ನು ಪ್ರಕಟಿಸಿದ್ದು 1959ರಲ್ಲಿ. ಹಾಗಾಗಿ ಗಾಜಿನ ಒಂದು ಮೈಯಲ್ಲಿ ತವರದ ಅಂಶ ಉಳಿದಿರುತ್ತದೆ, ಆ ಮೈಗೆ ಚಿನ್ನ ಹಾಕಬೇಡಿ ಎಂದು ಅನುಭವಿಗಳು ಹೇಳುತ್ತಾರೆ. ಯಾವುದು ತವರದ ಮೈ ಎಂದು ತಿಳಿಯಲು ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಕೇಳಿ ತಂದೆ. ಅದು ಉಪಯೋಗಕ್ಕೆ ಬರುವುದಿಲ್ಲ. ತವರ ಹೊಳೆಯಬೇಕಾದರೆ ಇನ್ನೂ ಕಿರಿದಾದ ತರಂಗದ, 254 ನ್ಯಾನೋಮೀಟರಿನ ದೀಪ ಬೇಕು. ಕೊನೆಗೆ ಗಾಜಿನ ಎರಡೂ ಮೈಗೆ ಒಂದೊಂದು ಅರ್ಕಾವತ್ತು ಬರೆದು ನೋಡಿದೆ. ಎರಡೂ ಒಂದೇ ರೀತಿ ಕಿತ್ತುಬಂದವು.

ಆಮೇಲೆ ಚಿನ್ನದ ಮೇಲೆ ಅನುಮಾನ ಬಂತು, ಇಲ್ಲಿ ನನ್ನ ಸಿಟ್ಟಿಗೆ ನ್ಯಾಯವಾದ ಕಾರಣವೂ ಇತ್ತು. ಇಪ್ಪತ್ತೈದು ರೇಕಿನ ಪುಸ್ತಕ ಎಂದು ದುಡ್ಡು ತೆಗೆದುಕೊಂಡು ಇಪ್ಪತ್ಮೂರು ಕಳಿಸುವುದು ಯಾವ ಲೆಕ್ಕ? ಅದರಲ್ಲೂ ನಾಲ್ಕು ರೇಕು ಸಿಹಿತಿಂಡಿಯ ಮೇಲೆ ಹಚ್ಚುವ ವರಖಿನಂತೆ ತೂತುತೂತು. ಕೇಳಿದರೆ ‘ಕೈಯಿಂದ ಬಡಿದದ್ದು, ಹಾಗೆಯೇ ಇರುತ್ತದೆ’ ಎಂಬ ಉತ್ತರ. ಕೈಯಿಂದ ಬಡಿಯುವ ಕಸುಬಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ. ಬೇರೆಡೆಯಿಂದ ತರಿಸಿದ ಪುಸ್ತಕದಲ್ಲಿ ರೇಕು ಎಣಿಕೆಗೂ ಗುಣಕ್ಕೂ ಸರಿಯಾಗಿತ್ತು. ಬಾಲ ಮಾತ್ರ ಮತ್ತೆ ಕಿತ್ತುಬಂತು.

ಅಂಟಿನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ಜೆಲಾಟಿನ್ ಎಂದು ಕೊಂಡ, ಔಷಧಿ ತುಂಬುವ ಖಾಲಿ ಕ್ಯಾಪ್ಸುಲ್, ದೊಡ್ಡ ಅಳತೆಯದು, ಅರ್ಧ ಲೀಟರ್ ಬಿಸಿನೀರಿಗೆ ಎರಡು. ಎಲ್ಲರೂ ಮಾಡುವುದು ಅದನ್ನೇ. ಬಟ್ಟೆಯಲ್ಲಿ ಸೋಸುವಾಗ ಲೋಳೆಯಂತಹ ಚೂರುಗಳು ಉಳಿಯುತ್ತಿದ್ದವು, ಅವನ್ನು ಎಸೆದೆ. ಆರನೆಯ ಗಾಜೂ ಹೋದ ರಾತ್ರಿ ಅಂಟಿನ ಬಲ ಸಾಲದೇನೋ ಎಂದು ಒಂದು ಲೋಟ ನೀರಿಗೆ ಎಂಟು ಕ್ಯಾಪ್ಸುಲ್ ಹಾಕಿ ಕುದಿಸಿದೆ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಲೋಟವನ್ನು ಅಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಕಾಫಿಗೆ ಎದ್ದಾಗ ಅದು ಸ್ಫಟಿಕದಂತೆ ತಿಳಿಯಾಗಿತ್ತು, ಸ್ವಲ್ಪ ಮಂದವೂ ಆಗಿತ್ತು. ಮತ್ತೆ ಒಲೆಯ ಮೇಲಿಟ್ಟೆ, ಮತ್ತೆ ಬೆಳ್ಳಗಾಯಿತು. ಆರಿಸಿದೆ, ಮತ್ತೆ ತಿಳಿಯಾಯಿತು. ಜೆಲಾಟಿನ್ ಇದಕ್ಕೆ ತದ್ವಿರುದ್ಧ: ತಣ್ಣೀರಿನಲ್ಲಿ ನೆನೆದು ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ, ಬಿಸಿಗೆ ಕರಗಿ ತಿಳಿಯಾಗುತ್ತದೆ.

ಪೊಟ್ಟಣ ಹುಡುಕಿ ತೆಗೆದೆ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ. ಕೆಳಗೆ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಎಂದಿತ್ತು. ಸಸ್ಯಾಹಾರಿ ಕ್ಯಾಪ್ಸುಲ್! ಜೆಲಾಟಿನ್ ಪ್ರಾಣಿಗಳ ತೊಗಲು, ಮೂಳೆಗಳಿಂದ ಬರುತ್ತದೆ. ಇದು ಗಿಡಮರಗಳ ಸೆಲ್ಯುಲೋಸಿನಿಂದ ಮಾಡಿದ್ದು. ಔಷಧಿ ನುಂಗುವವರಿಗೆ ಇದು ಒಳ್ಳೆಯ ಅನುಕೂಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೆಲಾಟಿನ್ ಎಂದು ಬರೆದು ಇದನ್ನು ಮಾರಿದವರ ಮೇಲೆ ತಕರಾರಿದೆ. ದೂರು ಕೊಟ್ಟಾಗ ‘ಇದು ಅದಕ್ಕಿಂತ ಶುದ್ಧ’ ಎಂದು ಸಮಾಧಾನ ಹೇಳಿದರು.

ಈ ಒಂದು ಸಂಗತಿ ಗೊತ್ತಾದ ಕೂಡಲೇ ಐದು ವಾರದ ಒಗಟುಗಳೆಲ್ಲ ಸಾಲಾಗಿ ಬಿಡಿಸಿಕೊಂಡವು. ಸೋಸುವ ಬಟ್ಟೆಯಲ್ಲಿ ಉಳಿದ ಲೋಳೆ ಬಿಸಿನೀರಿನಲ್ಲಿ ಕರಗದ ಅಂಟೇ ಆಗಿತ್ತು, ಅಂದರೆ ಪ್ರತಿಸಲ ಎಷ್ಟು ಅಂಟು ಗಾಜಿಗೆ ಹೋಯಿತು ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ಸೋಸಿದ ಮೇಲೂ ಜಾರಿದ ಸಣ್ಣ ಕಣಗಳೇ ಮಂಜು. ಬಿಸಿನೀರು ಹಾಯಿಸಿದಾಗ ರೇಕು ಗಟ್ಟಿಯಾಗಿ ಕುಳಿತದ್ದು ಈ ಅಂಟು ಬಿಸಿಗೆ ಕರಗುವುದಿಲ್ಲವಾದ್ದರಿಂದ. ಆರಿದ ಅಂಟುನೀರನ್ನು ಎರಡನೆಯ ಸಲ ಸವರಿದಾಗ ಮೊದಲ ಪದರ ಕರಗಿ ರೇಕು ಜಾರಿತು. ಕೊನೆಯಲ್ಲಿ ತಣ್ಣೀರಿನ ಹತ್ತಿ ಉಜ್ಜಿದೆನಲ್ಲ, ಆಗ ನಾನೇ ಬಾಲದ ಅಡಿಯ ಅಂಟನ್ನು ಕರಗಿಸಿ ತೆಗೆಯುತ್ತಿದ್ದೆ!

ಮೈಸೂರು ಶೈಲಿಯ ಚಿತ್ರದಲ್ಲಿ ಅಂಟಿಗೆ ಇಷ್ಟು ಕಠಿಣ ಪರೀಕ್ಷೆ ಇಲ್ಲ. ಅಲ್ಲಿ ಮಕ್ಕಿ ಸಫೇದ ಎಂಬ ದಪ್ಪ ಲೇಪದ ಉಬ್ಬು ಕೆಲಸದ ಮೇಲೆ ರೇಕು ಕೂರುತ್ತದೆ, ಕಣ್ಣಿಗೆ ಚಿನ್ನ ಮೊದಲು, ಅಂಟು ಅದರ ಹಿಂದೆ. ಗಾಜಿನ ಬೋರ್ಡಿನಲ್ಲಿ ಕ್ರಮ ತಿರುವುಮುರುವು. ನಾವು ಅಂಟಿನ ಮೂಲಕವೇ ಚಿನ್ನವನ್ನು ನೋಡುತ್ತೇವೆ. ಅದು ಇದ್ದೂ ಇಲ್ಲದಂತಿರಬೇಕು.

ಬೇಕರಿ ಸಾಮಾನಿನ ಅಂಗಡಿಯಲ್ಲಿ ಹಾಳೆ ಜೆಲಾಟಿನ್ ಸಿಕ್ಕಿತು. ಕ್ಯಾಪ್ಸುಲ್ ಎಣಿಸುವ ಪದ್ಧತಿಯನ್ನೇ ಬಿಟ್ಟಿದ್ದೇನೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಕಾಲು ಗ್ರಾಂ ತೂಗಿ, ಹತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ, ಅರ್ಧ ಲೀಟರ್ ಬಿಸಿ ಡಿಸ್ಟಿಲ್ಡ್ ವಾಟರಿಗೆ ಹಾಕುತ್ತೇನೆ. ಒಂದು ನಿಮಿಷದಲ್ಲಿ ಗುರುತಿಲ್ಲದಂತೆ ಕರಗುತ್ತದೆ. ನೀವು ಕ್ಯಾಪ್ಸುಲ್ಲನ್ನೇ ಬಳಸುವುದಾದರೆ ಮೊದಲು ಒಂದನ್ನು ತಣ್ಣೀರಿಗೆ, ಒಂದನ್ನು ಬಿಸಿನೀರಿಗೆ ಹಾಕಿ ನೋಡಿ. ತಣ್ಣೀರಿನದು ಮೊದಲು ಕರಗಿದರೆ ಆ ಪೊಟ್ಟಣವನ್ನು ಮರಳಿಸಿ.

ಅಂಟಿನ ಬಗ್ಗೆ ಓದುತ್ತಾ ಹೋದಾಗ ಮುಂದಿನ ಯೋಜನೆಯೂ ಕಾಲಿಗೆ ತೊಡರಿಕೊಂಡಿತು. ಗಾಜಿನ ಮೈಯನ್ನು ಮರಳಿನಿಂದ ಮಸುಕು ಮಾಡಿ, ಅದರ ಮೇಲೆ ತೊಗಲಿನ ಅಂಟನ್ನು ದಪ್ಪಗೆ ಹೊಯ್ದು ಒಣಗಲು ಬಿಟ್ಟರೆ, ಅಂಟು ಕುಗ್ಗುತ್ತಾ ಗಾಜಿನ ಮೇಲ್ಪದರವನ್ನೇ ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಉಳಿಯುವುದು ಜರೀಗಿಡದ ಎಲೆಗಳಂತಹ ವಿನ್ಯಾಸ. ಅದರ ಹಿಂದೆ ಚಿನ್ನ ಹಾಕಿದರೆ ಹೊಳಪು ಸಾವಿರ ಕಡೆಗೆ ಒಡೆಯುತ್ತದೆ. ಅಂಟು ಗಾಜನ್ನು ಕೀಳುತ್ತದೆ ಎಂದರೆ ಅದರ ಸೆಳೆತ ಎಂಥದ್ದಿರಬೇಕು ನೋಡಿ! ಒಂದು ಕಿಲೋ ಅಂಟು ಹೇಳಿಟ್ಟಿದ್ದೇನೆ, ಈ ಸಲ ಯಾವುದರಿಂದ ಮಾಡಿದ್ದು ಎಂದು ಮೂರು ಸಲ ಕೇಳಿ. ಚಕ್ಕೆಗಳು ಸಿಡಿಯುತ್ತವೆ, ಹಾಗಾಗಿ ಕನ್ನಡಕವೂ ಬೇಕು, ಮಕ್ಕಳು ಬಾರದ ಕೋಣೆಯೂ ಬೇಕು. ಅದು ದೀಪಾವಳಿಯ ನಂತರದ ಕೆಲಸ.

ಬಾಲಕ್ಕೆ ಮರಳುತ್ತೇನೆ. ಜೆಲಾಟಿನ್ ಸಿಕ್ಕ ಮೇಲೂ ಅವಸರಪಡಲಿಲ್ಲ. ಒಂದು ಪಟ್ಟಿ ಗಾಜಿನ ಮೇಲೆ ಐದು ಬಾಲ ಬರೆದೆ. ಮೂರು ನಿಂತವು, ಎರಡರ ತುದಿ ಕಿತ್ತಿತು. ಮಂಜಿರಲಿಲ್ಲ, ಅಂಚುಗಳು ಗಟ್ಟಿ, ಚೂಪಾದ ತುದಿ ಮಾತ್ರ ಹೋಗಿತ್ತು. ಹಳೆಯ ಬೋರ್ಡಿನಲ್ಲಿ ಆ ತುದಿಯ ಬಣ್ಣ ಉದುರಿರುವುದರಿಂದ ಅಚ್ಚು ತೆಗೆಯುವಾಗ ಬಾಲವನ್ನು ನಾನೇ ಸೂಜಿಯಂತೆ ಮುಗಿಸಿದ್ದೆ. ಈಗ ಆ ಬೋರ್ಡನ್ನು ಮತ್ತೆ ಹೊರತೆಗೆದು, ಟಾರ್ಚನ್ನು ಪಕ್ಕದಿಂದ ಹಾಯಿಸಿ ಭೂತಗನ್ನಡಿಯಲ್ಲಿ ನೋಡಿದೆ. ಬಣ್ಣ ಹೋದ ಜಾಗದಲ್ಲಿ ಗಾಜಿನ ಮೇಲೆ ಅದರ ಕಲೆ ಉಳಿದಿತ್ತು. ತುದಿ ಚೂಪಾಗಿರಲಿಲ್ಲ. ಅಲ್ಲಿ ಒಂದು ಪುಟ್ಟ ಉಂಡೆ ಇತ್ತು, ಜೋಳದ ಕಾಳಿನ ಅರ್ಧದಷ್ಟು.

ಉಳಿದ ಅಕ್ಷರಗಳನ್ನು ನೋಡಿದೆ. ‘ಜ’ದ ಕೊನೆಯಲ್ಲಿ ಉಂಡೆ, ‘ಳಿ’ಯ ಗುಡಿಸಿನ ತುದಿಯಲ್ಲಿ ಉಂಡೆ, ‘ರು’ವಿನ ಕೊಂಬಿನಲ್ಲೂ ಉಂಡೆ. ಇಷ್ಟು ದಿನ ಅದನ್ನು ಅಂದಕ್ಕೆ ಮಾಡಿದ ಬಳುಕು ಎಂದು ಮೆಚ್ಚಿಕೊಂಡಿದ್ದೆ. ಬರೆದವರ ಕೈಗೆ ತೆಳು ತುದಿ ಒರೆಸುವಾಗ ಕೀಳುತ್ತದೆ ಎಂಬುದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಕುಂಚ ಎತ್ತುವ ಮುನ್ನ ಒಂದು ಕ್ಷಣ ಒತ್ತಿ, ತುದಿಗೆ ಹಿಡಿತ ಕೊಟ್ಟು ಎತ್ತಿದ್ದಾರೆ. ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ಉಂಡೆಯಿರುವ ಐದು ಬಾಲ ಬರೆದೆ. ಐದೂ ನಿಂತವು. ಏಳನೆಯ ಗಾಜಿಗೆ ಕೈ ಹಾಕಿದ್ದು ಆಮೇಲೆ.

ಈಗ ಎರಡೂ ಗಾಜುಗಳನ್ನು ಕಿಟಕಿಯ ಪಕ್ಕ ಜೋಡಿಯಾಗಿ ನಿಲ್ಲಿಸಿದ್ದೇನೆ. ಮುಂದಿನ ವಾರ ಕೆಂಪು ನೆರಳು ಹಾಕಬೇಕು. ಹಳೆಯದರಲ್ಲಿ ನೆರಳು ಎಡಕ್ಕೆ, ಕೆಳಗೆ ಬಿದ್ದಿದೆ. ಆದರೆ ಅರ್ಕಾವತ್ತಿನ ಸುರುಳಿಯ ಒಳಗೆ ಮಾತ್ರ ಅವರು ನೆರಳನ್ನೇ ಹಾಕಿಲ್ಲ. ಜಾಗ ಸಾಲದೆ ಬಿಟ್ಟರೋ, ಸುರುಳಿಯ ಕಣ್ಣು ತೆರೆದಿರಲಿ ಎಂದು ಬಿಟ್ಟರೋ, ಅದನ್ನು ಎರಡು ರೀತಿಯಲ್ಲೂ ಬರೆದು ನೋಡಲು ಎಂಟನೆಯ ಗಾಜನ್ನು ಕತ್ತರಿಸಿ ತೊಳೆದಿಟ್ಟಿದ್ದೇನೆ.