ಮೈಬಣ್ಣ ನೋಡಿ ಬದಲಾಗುವ ಅಂಕಿಗಳು: ಆಕ್ಸಿಮೀಟರ್‌ನಿಂದ ಕಿಡ್ನಿ ರಿಪೋರ್ಟ್‌ವರೆಗೆ

ಕೋವಿಡ್ ಬಂದುಹೋದ ಮೇಲೆ ನಮ್ಮ ಎಷ್ಟೋ ಮನೆಗಳ ಔಷಧಿ ಡಬ್ಬದಲ್ಲಿ ಥರ್ಮಾಮೀಟರ್ ಪಕ್ಕ ಒಂದು ಪಲ್ಸ್ ಆಕ್ಸಿಮೀಟರ್ ಬಂದು ಕೂತಿದೆ. ಬೆರಳಿಗೆ ಸಿಕ್ಕಿಸಿದರೆ ಅಂಕಿ ಬರುತ್ತದೆ. 94ಕ್ಕಿಂತ ಮೇಲಿದ್ದರೆ ನಿರಾಳ, ಕೆಳಗಿಳಿದರೆ ಆಸ್ಪತ್ರೆಗೆ ಓಟ. ಚರ್ಮ ಕಪ್ಪಾದಷ್ಟೂ ಈ ಅಂಕಿ ತಪ್ಪುವ ಸಂಭವ ಹೆಚ್ಚು, ಅದೂ ಅಪಾಯದ ಕಡೆಗೇ ತಪ್ಪುತ್ತದೆ ಎಂಬುದು ಮಾತ್ರ ಇನ್ನೂ ಬಹಳ ಜನರ ಕಿವಿಗೆ ಬಿದ್ದಿಲ್ಲ.

2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96ರ ನಡುವೆ ತೋರಿಸುತ್ತಿದ್ದ ರೋಗಿಗಳನ್ನು ತೆಗೆದುಕೊಂಡು, ಅದೇ ಹೊತ್ತಿನಲ್ಲಿ ಅಪಧಮನಿಯಿಂದ ತೆಗೆದ ರಕ್ತದ ಫಲಿತಾಂಶದ ಜೊತೆ ಹೋಲಿಸಿದರು. ನಿಜವಾದ ಆಮ್ಲಜನಕ ಶೇ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ 3.6, ಕಪ್ಪು ಅಮೆರಿಕನ್ನರಲ್ಲಿ ಶೇ 11.7. ಅಂದರೆ ಯಂತ್ರ 'ಪರವಾಗಿಲ್ಲ' ಎಂದ ಕಪ್ಪು ರೋಗಿಗಳಲ್ಲಿ ಸುಮಾರು ಒಂಬತ್ತು ಜನರಿಗೆ ಒಬ್ಬರಂತೆ ಆಮ್ಲಜನಕದ ಕೊರತೆಯಲ್ಲೇ ಇದ್ದರು.

ಇದು ಹೇಗಾಗುತ್ತದೆ ಎಂದು ತಿಳಿಯಲು ಯಂತ್ರದ ಒಳಗೆ ಇಣುಕಬೇಕು. ಕ್ಲಿಪ್ಪಿನ ಒಂದು ದವಡೆಯಲ್ಲಿ ಎರಡು ಎಲ್‌ಇಡಿ: ಒಂದು 660 ನ್ಯಾನೋಮೀಟರ್‌ನ ಕೆಂಪು, ಇನ್ನೊಂದು 940ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎದುರು ದವಡೆಯಲ್ಲಿ ಬೆಳಕು ಹಿಡಿಯುವ ಸೆನ್ಸರ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಚರ್ಮ, ಮಾಂಸ, ಮೂಳೆ, ಸಿರೆಯ ರಕ್ತ ಕೂಡ ಬೆಳಕು ನುಂಗುತ್ತವಲ್ಲ? 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡರು. ನಾಡಿಯ ಜೊತೆ ಏರಿಳಿಯುವುದು ಅಪಧಮನಿಯ ರಕ್ತ. ಏರಿಳಿಯುವ ಭಾಗವನ್ನು ಏರಿಳಿಯದ ಭಾಗದಿಂದ ಭಾಗಿಸಿದರೆ ಮಿಕ್ಕದ್ದೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತದೆ. ಹೀಗೆ ಸಿಕ್ಕ ಕೆಂಪಿನ ಅನುಪಾತವನ್ನು ಇನ್‌ಫ್ರಾರೆಡ್ ಅನುಪಾತದಿಂದ ಮತ್ತೆ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು 0.5ರ ಹತ್ತಿರವಿದ್ದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಪೂರ್ತಿ ತುಂಬಿದೆ, 1 ಬಂದರೆ ಸುಮಾರು ಶೇ 85. (ಕೈ ಅಲುಗಾಡಿಸಿದಾಗ ಎರಡು ಸಿಗ್ನಲ್‌ಗಳೂ ಸಮನಾಗಿ ಕೆಟ್ಟು ಅನುಪಾತ 1ರತ್ತ ಹೋಗುತ್ತದೆ, ಹಾಗಾಗಿ ಅಂಕಿ 85ರ ಸುತ್ತ ಸುಳಿಯುತ್ತದೆ.)

ಈ ಅನುಪಾತದಿಂದ ಶೇಕಡಾವಾರು ಹೊರಡಿಸಲು ಯಾವ ಶುದ್ಧ ಸೂತ್ರವೂ ಇಲ್ಲ. ಯಂತ್ರದ ಚಿಪ್‌ನಲ್ಲಿ ಒಂದು ಕೋಷ್ಟಕ ಇರುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಉಸಿರಾಡಿಸಿ, ಶೇ 100ರಿಂದ 70ರವರೆಗೆ ಹಂತಹಂತವಾಗಿ ಇಳಿಸಿ, ಪ್ರತಿ ಹಂತದಲ್ಲೂ ಅಪಧಮನಿಯ ರಕ್ತ ತೆಗೆದು ತಾಳೆ ಹಾಕಿ ಆ ಕೋಷ್ಟಕ ಕಟ್ಟುತ್ತಾರೆ. 70ಕ್ಕಿಂತ ಕೆಳಗೆ ಇಳಿಸುವುದು ಜೀವಕ್ಕೆ ಅಪಾಯ, ಆದ್ದರಿಂದ ಅಲ್ಲಿಂದಾಚೆ ಯಂತ್ರ ತೋರಿಸುವುದೆಲ್ಲ ಅಂದಾಜು. ಪ್ರಶ್ನೆ ಇರುವುದು ಆ ಸ್ವಯಂಸೇವಕರು ಯಾರು ಎಂಬಲ್ಲಿ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಹತ್ತು ಜನ ಸಾಕಾಗಿತ್ತು, ಅವರಲ್ಲಿ ಇಬ್ಬರು ಅಥವಾ ಶೇ 15, ಯಾವುದು ಹೆಚ್ಚೋ ಅಷ್ಟು ಜನ, ಗಾಢ ಬಣ್ಣದವರಿರಬೇಕಿತ್ತು. 'ಗಾಢ' ಎಂದರೆ ಎಷ್ಟು ಎಂಬುದಕ್ಕೆ ಅಳತೆಗೋಲೇ ಇರಲಿಲ್ಲ. ಹತ್ತರಲ್ಲಿ ಇಬ್ಬರ ಬೆರಳು ತಪ್ಪು ತೋರಿಸಿದರೂ ಸರಾಸರಿಯಲ್ಲಿ ಅದು ಮುಳುಗಿಹೋಗುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಾಡಿಯ ಜೊತೆ ಏರಿಳಿಯುವುದಿಲ್ಲ, ಹಾಗಾಗಿ ಭಾಗಾಕಾರದಲ್ಲಿ ಅದೂ ಬಿದ್ದುಹೋಗಬೇಕು ಎಂಬುದು ಪುಸ್ತಕದ ವಾದ. ನಿಜವಾದ ಎಲ್‌ಇಡಿ ಮಾತ್ರ ಒಂದೇ ಒಂದು ತರಂಗಾಂತರದ ಬೆಳಕು ಕೊಡುವುದಿಲ್ಲ, ಆಚೀಚೆ ಸ್ವಲ್ಪ ಹರಡಿಕೊಂಡಿರುತ್ತದೆ. ಮೆಲನಿನ್ ಗಿಡ್ಡ ತರಂಗಗಳನ್ನು ಹೆಚ್ಚು ನುಂಗುವುದರಿಂದ ಸೆನ್ಸರ್ ತಲುಪುವ ಕೆಂಪು ಬೆಳಕಿನ ಗುಣವೇ ತುಸು ಬದಲಾಗುತ್ತದೆ, ಜೊತೆಗೆ ಸಿಗ್ನಲ್ ಕೂಡ ಸಣ್ಣದಾಗುತ್ತದೆ. ಸಂಶೋಧಕರು ಕೊಡುವ ಮುಖ್ಯ ವಿವರಣೆ ಇದು. ಬೆರಳು ತಣ್ಣಗಿದ್ದು ರಕ್ತ ಓಡಾಟ ಕಡಿಮೆಯಾದಾಗ ಈ ತಪ್ಪು ಇನ್ನೂ ಹಿಗ್ಗುತ್ತದೆ. ತೀವ್ರ ಕಾಯಿಲೆಯವರ ಬೆರಳು ಇರುವುದೇ ಹಾಗೆ.

ಇದೇನೂ ಕೋವಿಡ್ ಕಾಲದ ಶೋಧವಲ್ಲ ಎಂಬುದೇ ಹೆಚ್ಚು ನೋಯಿಸುವ ಸಂಗತಿ. ವೆಂಟಿಲೇಟರ್ ಮೇಲಿದ್ದ ರೋಗಿಗಳ ಬಗ್ಗೆ 1990ರಲ್ಲೇ ಪ್ರಕಟವಾದ ಅಧ್ಯಯನವೊಂದು, ಬಿಳಿಯರಿಗೆ 92 ಎಂಬ ಗುರಿ ಸಾಕು, ಕಪ್ಪು ರೋಗಿಗಳಿಗೆ 95 ಬೇಕು ಎಂದಿತ್ತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗಾಲಯವೂ, ಆಮ್ಲಜನಕ ಇಳಿದಷ್ಟೂ ಗಾಢ ಚರ್ಮದಲ್ಲಿ ತಪ್ಪು ಹೆಚ್ಚುತ್ತದೆ ಎಂದು ತೋರಿಸಿತು. ಮೂವತ್ತು ವರ್ಷ ಆಸ್ಪತ್ರೆಗಳ ರೂಢಿ ಕದಲಲಿಲ್ಲ. ಕೋವಿಡ್‌ನಲ್ಲಿ 94ರ ಗೆರೆಯೇ ಆಮ್ಲಜನಕಕ್ಕೂ ಸ್ಟೆರಾಯ್ಡ್‌ಗೂ ಬಾಗಿಲಾಯಿತು. ಕಪ್ಪು ಮತ್ತು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ರೋಗಿಗಳಿಗೆ ಆ ಬಾಗಿಲು ತಡವಾಗಿ ತೆರೆಯಿತು ಎಂಬುದನ್ನು 2022ರ ಅಧ್ಯಯನ ದಾಖಲಿಸಿದೆ. ಎಫ್‌ಡಿಎ 2025ರ ಜನವರಿಯಲ್ಲಿ ಹೊಸ ಕರಡು ಹೊರಡಿಸಿ, ಹತ್ತರ ಬದಲು 150 ಅಥವಾ ಹೆಚ್ಚು ಜನರ ಮೇಲೆ ಪರೀಕ್ಷಿಸಬೇಕು, ಬಣ್ಣವನ್ನು ಅಳತೆಪಟ್ಟಿ ಹಿಡಿದೇ ದಾಖಲಿಸಬೇಕು ಎಂದಿದೆ.

ನಮ್ಮಲ್ಲಿ ಎಣ್ಣೆಗೆಂಪಿನಿಂದ ಕಡುಗಪ್ಪಿನವರೆಗೆ ಎಲ್ಲ ಮೈಬಣ್ಣದವರೂ ಇದ್ದಾರೆ. ಆದ್ದರಿಂದ ಮನೆಯಲ್ಲಿ ಅಳೆಯುವ ಕ್ರಮ ಗೊತ್ತಿರಲಿ. ಐದು ನಿಮಿಷ ಸುಮ್ಮನೆ ಕೂರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್ ಒರೆಸಿ, ಮದರಂಗಿ ಹಚ್ಚಿರದ ಬೆರಳು ಆರಿಸಿ, ತೋರುಬೆರಳೋ ನಡುಬೆರಳೋ ಆಗಬಹುದು. ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಿ, ಬಿಸಿಲು ನೇರವಾಗಿ ಬೀಳದಿರಲಿ. ಮೊದಲು ಕಾಣುವ ಅಂಕಿ ನಂಬಬೇಡಿ. ನಾಡಿಯ ಪಟ್ಟಿ ಒಂದೇ ಲಯದಲ್ಲಿ ಏರಿಳಿಯುತ್ತ, ಅಂಕಿ ಕನಿಷ್ಠ ಅರ್ಧ ನಿಮಿಷ ನಿಂತ ಮೇಲೆ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆರೋಗ್ಯವಾಗಿದ್ದಾಗಲೇ ಪ್ರತಿಯೊಬ್ಬರ ಅಂಕಿ ಗುರುತು ಹಾಕಿಟ್ಟುಕೊಳ್ಳಿ. ಸದಾ 98 ಇರುವವರಲ್ಲಿ 94 ಕಂಡರೆ ಆ ನಾಲ್ಕು ಅಂಕಿಯ ಇಳಿತವೇ ಸುದ್ದಿ. ಸ್ವಂತ ಬೆರಳನ್ನು ಸ್ವಂತ ಬೆರಳಿಗೇ ಹೋಲಿಸಿದಾಗ ಬಣ್ಣದ ತಪ್ಪು ಒಂದಷ್ಟು ಮಟ್ಟಿಗೆ ಕಳೆಯುತ್ತದೆ.

ಜೊತೆಗೆ ಉಸಿರು ಎಣಿಸಿ. ಅವರಿಗೆ ಹೇಳದೆ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ವಯಸ್ಕರಲ್ಲಿ 24 ಅಥವಾ ಹೆಚ್ಚಿದ್ದರೆ ಯಂತ್ರ 95 ತೋರಿಸಿದರೂ ಆಸ್ಪತ್ರೆಗೆ ಹೊರಡಿ. ಮಾತಿನ ಮಧ್ಯೆ ಉಸಿರು ಕಟ್ಟುವುದು, ಗೊಂದಲ, ನಾಲಿಗೆ ನೀಲಿಗಟ್ಟುವುದು ಕಂಡರೂ ಅಷ್ಟೇ. ಕಪ್ಪು ಮೈಯವರಲ್ಲಿ ನೀಲಿ ಹುಡುಕಬೇಕಾದ್ದು ತುಟಿಯಲ್ಲಿ ಮಾತ್ರವಲ್ಲ, ನಾಲಿಗೆ ಮತ್ತು ಒಸಡಿನಲ್ಲೂ. ವೈದ್ಯರಿಗೆ ಸಂಶಯವಿದ್ದಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ನೋಡುವುದೇ ಕೊನೆಯ ಮಾತು.

ಆಕ್ಸಿಮೀಟರ್‌ನಲ್ಲಿ ತಪ್ಪು ಗೊತ್ತಿಲ್ಲದೆ ನುಸುಳಿತು. ಕಿಡ್ನಿಯ ಲೆಕ್ಕದಲ್ಲಿ ಜನಾಂಗವನ್ನು ಬೇಕೆಂದೇ ಬರೆದರು. ಸ್ನಾಯುಗಳಿಂದ ರಕ್ತಕ್ಕೆ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ನೋಡಿ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜಿಸುವ ಅಂಕಿಯೇ ಇಜಿಎಫ್‌ಆರ್. 2009ರ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಅಧ್ಯಯನದಲ್ಲಿದ್ದ ಕಪ್ಪು ಅಮೆರಿಕನ್ನರ ಕ್ರಿಯಾಟಿನಿನ್ ಸರಾಸರಿಯಲ್ಲಿ ಹೆಚ್ಚು ಕಂಡಿತ್ತು, ಸ್ನಾಯು ಹೆಚ್ಚಿರಬಹುದು ಎಂದು ವ್ಯಾಖ್ಯಾನಿಸಿದರು. ಈಗ ಲೆಕ್ಕ ಹಾಕಿ. ಅಮೆರಿಕದಲ್ಲಿ ಕಿಡ್ನಿ ಕಸಿಗಾಗಿ ಕಾಯುವ ಅವಧಿ ಎಣಿಕೆಯಾಗಲು ಈ ಅಂಕಿ 20 ಅಥವಾ ಕಡಿಮೆ ಇರಬೇಕು, ಇಲ್ಲವೇ ಡಯಾಲಿಸಿಸ್ ಶುರುವಾಗಿರಬೇಕು. ಒಂದೇ ವಯಸ್ಸು, ಒಂದೇ ಲಿಂಗ, ಒಂದೇ ಕ್ರಿಯಾಟಿನಿನ್ ಇರುವ ಇಬ್ಬರಲ್ಲಿ ಬಿಳಿಯರಿಗೆ 18 ಬಂದರೆ ಕಪ್ಪು ರೋಗಿಗೆ ಗುಣಿಸಿ 20.9. ಒಬ್ಬರ ಹೆಸರು ಪಟ್ಟಿಗೆ ಸೇರಿತು, ಇನ್ನೊಬ್ಬರು 'ಕಿಡ್ನಿ ಇನ್ನೂ ಚೆನ್ನಾಗಿದೆ' ಎಂದು ಮನೆಗೆ ಹೋದರು.

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಿಡ್ನಿ ಸಂಘಟನೆಗಳ ಕಾರ್ಯಪಡೆ ಜನಾಂಗ ಬಿಟ್ಟ ಸೂತ್ರವನ್ನು ಶಿಫಾರಸು ಮಾಡಿತು. ವಯಸ್ಸು, ಲಿಂಗ, ಕ್ರಿಯಾಟಿನಿನ್ ಮೂರೇ ಸಾಕು. 2023ರ ಜನವರಿಯಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಯಿತು: ಹಳೆಯ ರಕ್ತಪರೀಕ್ಷೆಗಳನ್ನು ಮತ್ತೆ ತೆಗೆದು, ಗುಣಾಕಾರ ಇಲ್ಲದಿದ್ದರೆ ಯಾವತ್ತು ಅರ್ಹರಾಗುತ್ತಿದ್ದರೋ ಅಂದಿನಿಂದ ಕಾಯುವ ಅವಧಿ ಎಣಿಸಿ ಎಂಬ ಆದೇಶ ಕಸಿ ಕೇಂದ್ರಗಳಿಗೆ ಹೋಯಿತು. 14 ಸಾವಿರಕ್ಕೂ ಹೆಚ್ಚು ಕಪ್ಪು ರೋಗಿಗಳಿಗೆ ಕಳೆದ ಕಾಲ ಲೆಕ್ಕಕ್ಕೆ ವಾಪಸು ಬಂತು. ಅನ್ಯಾಯ ಒಪ್ಪಿಕೊಂಡು ಸುಮ್ಮನಾಗದೆ ಲೆಕ್ಕವನ್ನೂ ತಿದ್ದಿದ ಉದಾಹರಣೆ ಅಪರೂಪ.

ಹಾಗಾದರೆ ಜನಾಂಗ ನೋಡಿ ಗೆರೆ ಬದಲಿಸುವುದೆಲ್ಲ ತಪ್ಪೇ? ನಮ್ಮದೇ ಸೊಂಟದ ಅಳತೆ ಬೇರೆ ಕಥೆ ಹೇಳುತ್ತದೆ. ಯುರೋಪಿಯನ್ನರಿಗೆ ಹಾಕಿದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ರ ಗೆರೆ ತಲುಪುವ ಮೊದಲೇ ದಕ್ಷಿಣ ಏಷ್ಯಾದವರಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಯಾಕೆಂದರೆ ಅಷ್ಟೇ ತೂಕಕ್ಕೆ ಹೊಟ್ಟೆಯ ಒಳಕೊಬ್ಬು ಹೆಚ್ಚು. ಅದಕ್ಕೇ ಭಾರತದಲ್ಲಿ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅಮೆರಿಕದಲ್ಲೂ ಏಷ್ಯಾ ಮೂಲದವರಿಗೆ 23ಕ್ಕೇ ಸಕ್ಕರೆ ಪರೀಕ್ಷೆ ಮಾಡಿಸಿ ಎಂಬ ಸಲಹೆ ಇದೆ. ಈ ತಿದ್ದುಪಡಿ ಮನುಷ್ಯನನ್ನು ಬೇಗ ಪರೀಕ್ಷೆಗೆ ಕರೆಯುತ್ತದೆ, ಕಿಡ್ನಿಯದು ಚಿಕಿತ್ಸೆಯಿಂದ ದೂರ ಇಟ್ಟಿತು. ಯಾವುದೇ ತಿದ್ದುಪಡಿ ಕಂಡಾಗ ನೋಡಬೇಕಾದ್ದು ಈ ದಿಕ್ಕನ್ನು.

ಜೋರಾಗಿ ಊದಿಸಿ ಉಸಿರಿನ ಪ್ರಮಾಣ ಅಳೆಯುವ ಶ್ವಾಸಕೋಶದ ಸ್ಪೈರೋಮೀಟರ್ ಪರೀಕ್ಷೆಯಲ್ಲಿ ನಾವೂ ಈ ಲೆಕ್ಕದೊಳಗೆ ಇದ್ದೇವೆ. ಕಪ್ಪು ಜನರಿಗೆ ನಿರೀಕ್ಷಿತ ಉಸಿರಿನ ಪ್ರಮಾಣವನ್ನು ಶೇ 10ರಿಂದ 15, ಏಷ್ಯನ್ನರಿಗೆ ಶೇ 4ರಿಂದ 6 ತಗ್ಗಿಸುವ ರೂಢಿ ಇತ್ತು. 4 ಲೀಟರ್ ನಿರೀಕ್ಷಿಸುವಲ್ಲಿ 3 ಲೀಟರ್ ಊದಿದರೆ ಶೇ 75, ಅದು ರೋಗದ ಸೂಚನೆ. ನಿರೀಕ್ಷೆಯನ್ನೇ ಶೇ 15 ಇಳಿಸಿ 3.4 ಮಾಡಿದರೆ ಅದೇ ಊದು ಶೇ 88, ಸಹಜ. ಧೂಳಿನಲ್ಲಿ ದುಡಿದವರ ಪರಿಹಾರದ ಅರ್ಜಿ ಇಲ್ಲೇ ಬಿದ್ದುಹೋಗಬಹುದು. 2012ರ ಜಾಗತಿಕ ಸೂತ್ರದಲ್ಲಿ ಭಾರತ ಉಪಖಂಡದವರಿಗೆ ಸ್ವಂತ ಗುಂಪೇ ಇರಲಿಲ್ಲ, 'ಇತರೆ' ಎಂಬಲ್ಲಿ ಸೇರಿಸಬೇಕಿತ್ತು. 2023ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಎಲ್ಲರಿಗೂ ಒಂದೇ ಸೂತ್ರ ಬಳಸಲು ಹೇಳಿದೆ. ನಿಮ್ಮ ವರದಿಯ ಮೇಲ್ಭಾಗದಲ್ಲೋ ಅಡಿಯಲ್ಲೋ ಯಾವ ಸೂತ್ರ, ಯಾವ ಜನಾಂಗ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸೂತ್ರ ಬದಲಾದ ವರ್ಷ ಹಳೆಯ ವರದಿಯ ಶೇಕಡಾವಾರನ್ನು ಹೊಸದಕ್ಕೆ ಹೋಲಿಸಿ 'ಶ್ವಾಸಕೋಶ ಕುಸಿಯಿತು' ಎಂದು ಗಾಬರಿಯಾಗಬೇಡಿ. ಎರಡರಲ್ಲೂ ಲೀಟರ್ ಅಂಕಿ ಹುಡುಕಿ, ಅವನ್ನೇ ಪಕ್ಕಪಕ್ಕ ಇಟ್ಟು ನೋಡಿ.